ಕಿತ್ತು ನೋಡುವವರು

ನಮ್ಮ ಮನೆಯ ಜಗಲಿಯ ಮೂಲೆಯಲ್ಲಿ ಬಾಯಿ ಒಡೆದ ಹರವಿಯೊಂದಿದೆ. ನೀರು ತುಂಬುವ ಕಾಯಕದಿಂದ ಅದು ನಿವೃತ್ತವಾದ ಮೇಲೆ ನನ್ನ ಹೆಂಡತಿ ಚಿಕ್ಕತಾಯಮ್ಮ ಅದಕ್ಕೆ ಮಣ್ಣು ತುಂಬಿ, ವರ್ಷಕ್ಕೆ ಎರಡು ಸಲ ಯಾವುದಾದರೊಂದು ಕಡ್ಡಿಯನ್ನು ಚುಚ್ಚುತ್ತಾಳೆ; ಒಮ್ಮೆ ದಾಸವಾಳ, ಒಮ್ಮೆ ದಾಳಿಂಬೆ, ಈ ಸಲ ಕೊಳ್ಳೇಗಾಲದ ಯಾರದೋ ಹಿತ್ತಲಿನಿಂದ ಬೇಡಿ ತಂದ ನಂದಿಬಟ್ಟಲು. ಆ ಹರವಿಯ ಪಕ್ಕದಲ್ಲಿ ಕೂರುವ ಅತಿಥಿಗಳನ್ನು ನಾನು ಬಹಳ ವರ್ಷಗಳಿಂದ ಗಮನಿಸುತ್ತ ಬಂದಿದ್ದೇನೆ. ಅವರ ಬಾಯಿ ಮಳೆಯ ವಿಷಯವನ್ನೋ, ಹನೂರಿನ ಬಸ್ಸು ಬಾರದ ವಿಷಯವನ್ನೋ ಆಡುತ್ತಿರುತ್ತದೆ. ಕಣ್ಣು ಬೀದಿಯ ಮೇಲಿರುತ್ತದೆ. ಬಲಗೈ ಮಾತ್ರ ಒಡೆಯನ ಅಪ್ಪಣೆಯಿಲ್ಲದೆ ಹರವಿಯ ಕಡೆಗೆ ಸರಿದು, ಹೆಬ್ಬೆರಳು ತೋರುಬೆರಳುಗಳ ನಡುವೆ ಆ ಬಡಪಾಯಿ ಕಡ್ಡಿಯನ್ನು ಹಿಡಿದು ಮೆಲ್ಲಗೆ ಮೇಲಕ್ಕೆ ಜಗ್ಗುತ್ತದೆ. ಕಡ್ಡಿ ಬಂದುಬಿಟ್ಟರೆ ಅದರ ತಳವನ್ನು ಒಮ್ಮೆ ನೋಡಿ, ‘ಇನ್ನೂ ಬೇರ್ ಬುಟ್ಟಿಲ್ಲ’ ಎಂದು ತೀರ್ಪು ಕೊಟ್ಟು, ಏನೋ ಉಪಕಾರ ಮಾಡಿದವರಂತೆ ಮತ್ತೆ ಚುಚ್ಚುತ್ತಾರೆ. ಬಾರದಿದ್ದರೆ, ಇನ್ನೂ ಸ್ವಲ್ಪ ಬಲವಾಗಿ ಜಗ್ಗುತ್ತಾರೆ.

ಈ ವಿಷಯದಲ್ಲಿ ಪಂಡಿತ ಪಾಮರ ಎಂಬ ಭೇದವಿಲ್ಲ. ಕಳೆದ ಭಾನುವಾರ ಹೀಗೆ ಜಗ್ಗಿದವರು ನಿವೃತ್ತರಾದ ಮೇಷ್ಟ್ರೊಬ್ಬರು. ಮಗಳ ಮದುವೆಗೆ ಕರೆಯಲು ಬಂದಿದ್ದವರು, ನನಗಿಂತ ಹಿರಿಯರು. ನಾನು ಆಡಿದ ಮಾತಿಗೆ ಅವರು ಲಗ್ನಪತ್ರಿಕೆಯನ್ನು ಜಗಲಿಯ ಮೇಲಿಟ್ಟು, ಕಾಫಿಯನ್ನು ಮುಟ್ಟದೆ ಎದ್ದು ಹೋದರು. ಲೋಟದ ಕಾಫಿ ಆರಿ ಕೆನೆ ಕಟ್ಟಿತು. ‘ಒಂದ್ ಕಡ್ಡಿಗ ಇಷ್ಟ್ ಕ್ವಾಪ್ವಾ’ ಎಂದು ಚಿಕ್ಕತಾಯಮ್ಮ ಕೇಳಲಿಲ್ಲ, ಅವಳಿಗೆ ಗೊತ್ತು. ನಿಮಗೆ ಗೊತ್ತಿಲ್ಲದಿರುವುದರಿಂದ ಈ ಬರಹ. ಇದು ಕ್ಷಮಾಪಣೆಯಲ್ಲ, ನನ್ನ ಕೋಪದ ಬುಡ ಎಲ್ಲಿದೆಯೆಂದು ತೋರಿಸುವ ಪ್ರಯತ್ನ. ತೋರಿಸಬೇಕಾದರೆ ನಾನೂ ಒಂದಿಷ್ಟು ಅಗೆಯಲೇಬೇಕು, ಅದಕ್ಕೇನೂ ಮಾಡುವಂತಿಲ್ಲ.

ಬೇರಿನ ಕೆಲಸವೇನು? ನಾಲ್ಕನೇ ತರಗತಿಯ ಪುಸ್ತಕದಲ್ಲಿ ಉತ್ತರವಿತ್ತು: ಗಿಡವನ್ನು ನೆಲದಲ್ಲಿ ಹಿಡಿದು ನಿಲ್ಲಿಸುವುದು, ನೀರನ್ನೂ ಸಾರವನ್ನೂ ಹೀರಿ ಮೇಲಕ್ಕೆ ಕಳಿಸುವುದು. ಎರಡೇ ಸಾಲು. ನನ್ನ ವಿದ್ಯಾಭ್ಯಾಸ ಆ ಪುಟದ ಆಸುಪಾಸಿನಲ್ಲೇ ಸಮಾಪ್ತವಾದದ್ದರಿಂದ ಉಳಿದದ್ದನ್ನು ನಾನು ಗುದ್ದಲಿಯಿಂದ ಓದಬೇಕಾಯಿತು. ಗುದ್ದಲಿ ಹೇಳಿದ್ದು ಬೇರೆ. ದಪ್ಪ ಬೇರು ನೀರು ಕುಡಿಯುವುದಿಲ್ಲ. ಅದು ಪಂಚಾಯಿತಿಯ ಯಜಮಾನನ ಹಾಗೆ ಸುಮ್ಮನೆ ಗಟ್ಟಿಯಾಗಿ ಕೂತಿರುತ್ತದೆ. ಕುಡಿಯುವುದೇನಿದ್ದರೂ ಅದರ ತುದಿಯ ತುದಿಯಲ್ಲಿ ಎಳೆಗೂಸಿನ ಕೂದಲಿನಂತಿರುವ, ಕಣ್ಣಿಗೆ ಸರಿಯಾಗಿ ಕಾಣಿಸದ ರೋಮ. ಒಂದೊಂದು ಮಣ್ಣಿನ ಕಣವನ್ನೂ ತಬ್ಬಿಕೊಂಡು ಅದರ ಮೈಮೇಲಿನ ತೇವವನ್ನು ಅದು ನೆಕ್ಕುತ್ತದೆ. ಬೇರಿಗೆ ಉಸಿರೂ ಬೇಕು. ಪಾತಿಯಲ್ಲಿ ನಾಲ್ಕು ದಿನ ನೀರು ನಿಲ್ಲಿಸಿ ನೋಡಿ, ನೀರಿನ ನಡುವೆಯೇ ಗಿಡ ಬಾಯಾರಿ ಬಾಡುತ್ತದೆ. ಇನ್ನು ಬೇರಿನ ದೂರಾಲೋಚನೆ ನೋಡಿದರೆ ನಾಚಿಕೆಯಾಗುತ್ತದೆ. ರೇಷ್ಮೆ ಹುಳುವಿಗೆಂದು ನಾವು ಹಿಪ್ಪುನೇರಳೆಯನ್ನು ಬುಡಮಟ್ಟ ಕತ್ತರಿಸಿ, ಇನ್ನು ಇಲ್ಲಿ ಏನೂ ಇಲ್ಲ ಎನ್ನುವಂತೆ ಬೋಳು ಮಾಡಿದರೂ, ಒಂದು ಮಳೆ ಬಿದ್ದರೆ ಸಾಕು, ಅದು ಒಳಗೆ ಕೂಡಿಟ್ಟುಕೊಂಡದ್ದರಿಂದಲೇ ಎದ್ದು ಎದೆಮಟ್ಟ ಬರುತ್ತದೆ. ಇಷ್ಟನ್ನೂ ಕತ್ತಲಲ್ಲಿ, ಭಾಷಣವಿಲ್ಲದೆ, ಹಾರವಿಲ್ಲದೆ ಮಾಡುವ ಬೇರು ಕೇಳುವುದು ಒಂದನ್ನೇ: ನನ್ನನ್ನು ನೋಡಬೇಡಿ. ಮನುಷ್ಯನಿಗೆ ಕೊಡಲಾಗದ್ದು ಅದೊಂದೇ.

ನನ್ನನ್ನು ಶಾಲೆಯಿಂದ ಕಿತ್ತದ್ದೂ ನೋಡುವುದಕ್ಕೆಂದೇ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಿಂದ ಒಂದು ಮೈಲಿ ಒಳಗಿರುವ ನಮ್ಮೂರು ಆಗ ಮದ್ರಾಸು ಪ್ರಾಂತ್ಯಕ್ಕೆ ಸೇರಿತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ. ಸರ್ಕಾರದ ಕಾಗದ ಮಾತ್ರ ಕೊಯಮತ್ತೂರಿನ ಕಡೆಯಿಂದ ತಮಿಳಿನಲ್ಲಿ ಬರುತ್ತಿತ್ತು. ನನ್ನ ಅಪ್ಪನಿಗೆ ಓದು ಬಾರದು. ಆದ್ದರಿಂದ ಒಂದೊಂದು ಭಾಷೆಗೆ ಒಂದೊಂದು ಬರವಣಿಗೆ ಇರುತ್ತದೆಂಬುದೂ ತಿಳಿಯದು. ಅಕ್ಷರ ಎಂದರೆ ಅಕ್ಷರ, ನೀರು ಎಂದರೆ ನೀರು ಇದ್ದ ಹಾಗೆ. ಒಂದು ದಿನ ಬಾವಿಯ ವಿಷಯದ ನೋಟೀಸೊಂದನ್ನು ತಂದು ನನ್ನ ಮುಂದೆ ಹಿಡಿದ. ನಾನು ಅದನ್ನು ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ, ತಲೆಕೆಳಗು ಮಾಡಿಯೂ ನೋಡಿದೆ.

‘ಏನ್ ಬರ್ದವ್ರ ಓದ್ಲಾ.’

‘ಇದು ನಂ ಇಸ್ಕೂಲ್ ಅಕ್ಸರ ಅಲ್ಲ ಕಣಪ್ಪ.’

‘ನಾಕ್ ವರ್ಸದಿಂದ ಆ ಮೇಷ್ಟ್ರು ನಿಂಗ ಏನ್ ಯೋಳ್ಕೊಟ್ಟವ್ರ? ನಾಳಿಂದ ಕಪಿಲೆ ಒಡಿ ನಡಿ.’

ಅಲ್ಲಿಗೆ ನನ್ನ ಓದು ಮುಗಿಯಿತು. ಮಾರನೆಯ ಬೆಳಿಗ್ಗೆಯಿಂದ ಎತ್ತಿನ ಜೋಡಿಯನ್ನು ಬಾವಿಯ ಇಳಿಜಾರಿನಲ್ಲಿ ಮುಂದಕ್ಕೆ ಹಿಂದಕ್ಕೆ ನಡೆಸಿ ಕಪಿಲೆಯಲ್ಲಿ ನೀರೆತ್ತುವುದು ನನ್ನ ವಿಶ್ವವಿದ್ಯಾಲಯವಾಯಿತು. ಕನ್ನಡ ಕಲಿತ ಹುಡುಗನಿಗೆ ತಮಿಳು ಕಾಗದ ಕೊಟ್ಟು ಫೇಲು ಮಾಡಿದ ಆ ಪರೀಕ್ಷೆಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಅಪ್ಪನ ಮೇಲೆ ಅಲ್ಲ; ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬರು ಬಾವಿಯವರೆಗೆ ನಡೆದು ಬಂದು ಹೇಳಬಹುದಿತ್ತು. ಯಾರೂ ಬರಲಿಲ್ಲ.

ಐವತ್ತಾರರಲ್ಲಿ ನಾವು ಮೈಸೂರಿಗೆ ಸೇರಿದೆವು. ನಾವೇನೂ ಎದ್ದು ಹೋಗಲಿಲ್ಲ. ಕೂತಲ್ಲೇ ಕೂತಿದ್ದ ಹಾಗೆ, ನಮ್ಮ ಕೆಳಗಿನಿಂದ ಒಂದು ರಾಜ್ಯ ಸರಿದು ಇನ್ನೊಂದು ಬಂತು. ಚಿಕ್ಕತಾಯಮ್ಮ ಯಳಂದೂರಿನ ಕಡೆಯವಳು. ನಮ್ಮ ಮದುವೆಯಾದಾಗ ಅವಳು ಮೈಸೂರಿನವಳು, ನಾನು ಮದ್ರಾಸಿನವನು. ನಡುವೆ ಇದ್ದದ್ದು ಒಂದು ಬೆಳಗಿನ ಗಾಡಿಯ ಹಾದಿ. ರಾಜ್ಯ ಒಂದಾದ ಮೇಲೆ ಕೊಳ್ಳೇಗಾಲದ ಕಚೇರಿಗಳ ಹಲಗೆಗಳಿಗೆ ಕನ್ನಡದ ನೋಟೀಸು ಅಂಟಿಸತೊಡಗಿದರು. ಸಂತೆಗೆ ಹೋದಾಗಲೆಲ್ಲ ನಾನು ಆ ಹಲಗೆಯ ಮುಂದೆ ನಿಂತು, ತುಟಿ ಅಲ್ಲಾಡಿಸುತ್ತ, ನನಗೆ ಸಂಬಂಧವೇ ಇಲ್ಲದ ಹರಾಜು, ಟೆಂಡರು, ಕಳೆದುಹೋದ ಎಮ್ಮೆ, ಎಲ್ಲವನ್ನೂ ಕೊನೆಯ ಸಹಿಯವರೆಗೆ ಓದುತ್ತಿದ್ದೆ. ನನ್ನ ಅಕ್ಷರ ಕೊನೆಗೂ ಸರ್ಕಾರದ ಅಕ್ಷರವಾಗಿತ್ತು. ಅದನ್ನು ಅಪ್ಪನಿಗೆ ತೋರಿಸೋಣವೆಂದರೆ ಅಪ್ಪ ಇರಲಿಲ್ಲ.

ಅದಾಗಿ ಕೆಲವು ವರ್ಷಕ್ಕೆ ನಮ್ಮೂರಿಗೆ ಹೊಸ ತಳಿಯ ಹಿಪ್ಪುನೇರಳೆ ಬರುವ ಸುದ್ದಿ ಬಂತು. ತಂದವರದು ಯಾವ ಕಚೇರಿ ಎಂದು ನಾನು ಬರೆಯುವುದಿಲ್ಲ. ನಮ್ಮಲ್ಲಿ ರೇಷ್ಮೆ ಹೊಸದಲ್ಲ. ಗುಣಿಗೆ ಮೂರು ಕಡ್ಡಿಯಂತೆ ಚುಚ್ಚಿ, ಮಳೆಯನ್ನು ನಂಬಿ ಬೆಳೆಸಿದ ನಾಟಿ ತೋಟ ಪ್ರತಿಯೊಬ್ಬರಿಗೂ ಇತ್ತು. ಹೊಸದರ ಎಲೆ ಅಂಗೈಗಿಂತ ಅಗಲವಂತೆ, ಅದೇ ನೆಲದಲ್ಲಿ ಎರಡರಷ್ಟು ಸೊಪ್ಪಂತೆ. ಡೆಮಾನ್‌ಸ್ಟ್ರೇಟರು ಎಂಬ ಹುದ್ದೆಯ ಸಾಹೇಬರೊಬ್ಬರು ಚಾವಡಿಯಲ್ಲಿ ಸಭೆ ಸೇರಿಸಿ ಷರತ್ತು ಹೇಳಿದರು: ಮೊದಲು ಒಬ್ಬರ ತೋಟದಲ್ಲಿ ಪ್ರಯೋಗ, ಅದು ಬೇರು ಬಿಟ್ಟರೆ ಹಿಂಗಾರಿಗೆ ಊರಿಗೆಲ್ಲ ಕಡ್ಡಿ, ಬಿಡದಿದ್ದರೆ ಕಡ್ಡಿ ಬೇರೆ ಊರಿಗೆ. ‘ಇಲ್ಲಿ ಚೆನ್ನಾಗಿ ದುಡಿಯೋನು ಯಾರಯ್ಯ?’ ಎಂದು ಅವರು ಕೇಳಿದಾಗ, ನಮ್ಮೂರಿನ ಸಭ್ಯತೆಗೆ ವಿರುದ್ಧವಾಗಿ, ನಾನೇ ಎದ್ದು ನಿಂತೆ. ಇದು ಅಹಂಕಾರವೆಂದು ನೀವು ಹೇಳಿದರೆ ನಾನು ಒಪ್ಪುತ್ತೇನೆ. ಸುಳ್ಳು ಎಂದರೆ ಒಪ್ಪುವುದಿಲ್ಲ.

ನನ್ನ ಸೋದರಮಾವ ಪುಟ್ಟಮಾದಯ್ಯ ಅಂದೇ ತನ್ನ ಹೊಲದಲ್ಲಿ ಗುಣಿ ತೋಡಲು ಶುರುಮಾಡಿದ. ನನ್ನ ಕಡ್ಡಿ ಇನ್ನೂ ಬಂದೇ ಇರಲಿಲ್ಲ. ಅವನನ್ನು ನೋಡಿ ಇನ್ನೂ ಹತ್ತಾರು ಜನ ತೋಡಿದರು. ಹೀಗೆ ಒಂದು ಊರಿನ ಗುಣಿಗಳೆಲ್ಲ ಬಾಯಿ ತೆರೆದುಕೊಂಡು ನನ್ನ ತೋಟದ ಕಡೆಗೆ ನೋಡತೊಡಗಿದವು.

ಗೋಣಿತಾಟಿನಲ್ಲಿ ಒದ್ದೆಯಾಗಿ ಸುತ್ತಿದ ಕಡ್ಡಿಗಳು ಬಸ್ಸಿನ ನೆತ್ತಿಯ ಮೇಲೆ ಬಂದವು. ಇಪ್ಪತ್ತು ಸಾಲು, ಸಾಲಿಗೆ ಐವತ್ತು. ಒಂದೊಂದನ್ನೂ ಓರೆಯಾಗಿ, ಚಿಗುರೊಡೆಯುವ ಒಂದು ಕಣ್ಣು ಮೇಲೆ ಉಳಿಯುವಂತೆ, ನಾನೇ ನನ್ನ ಕೈಯಿಂದ ಊರಿದೆ. ಕೊನೆಗೆ ಒಂದು ಹನ್ನೆರಡು ಸೊಟ್ಟ ಕಡ್ಡಿ ಉಳಿದವು. ‘ಇವು ರಿಜೆಕ್ಟು’ ಎಂದರು ಸಾಹೇಬರು. ಚಿಕ್ಕತಾಯಮ್ಮ ಅವನ್ನು ಆಯ್ದುಕೊಂಡು ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಕೋಳಿ ನುಗ್ಗದಿರಲೆಂದು ಬೇಲಿಯ ಹಾಗೆ ನೆಟ್ಟಳು.

ಎರಡು ವಾರದಲ್ಲಿ ಇಪ್ಪತ್ತು ಸಾಲೂ ಚಿಗುರಿದವು. ಜನ ನೋಡಲು ಬಂದರು. ನಾನು ಅತ್ತೆ ಮನೆಗೆ ಹೊಸದಾಗಿ ಹೋದ ಅಳಿಯನಂತೆ ಸಾಲಿನ ಮೇಲೆ ಸಾಲು ನಡೆದೆ. ಸಾಹೇಬರು ಚಿಗುರನ್ನು ಎಣಿಸಿ, ನೂರಕ್ಕೆ ನೂರು ಎಂದು ಪುಸ್ತಕದಲ್ಲಿ ಬರೆದರು. ಆದರೆ ಕಡ್ಡಿ ಊರಿ ಬೆಳೆದ ಯಾವನಿಗೂ ಒಂದು ಸತ್ಯ ಗೊತ್ತಿರುತ್ತದೆ: ಮೊದಲು ಬರುವ ಚಿಗುರು ನೆಲದ್ದಲ್ಲ. ತಾಯಿಗಿಡ ಕಡ್ಡಿಯೊಳಗೆ ಕಟ್ಟಿ ಕಳಿಸಿದ ಬುತ್ತಿಯನ್ನು ತಿಂದು ಅದು ಹಸಿರಾಗಿರುತ್ತದೆ. ಬುತ್ತಿ ಮುಗಿಯುವುದರೊಳಗೆ ಕೆಳಗೆ ಬೇರು ಹೊರಡಬೇಕು. ಹೊರಟರೆ ಗಿಡ, ಇಲ್ಲದಿದ್ದರೆ, ಎಷ್ಟೇ ಹಸಿರಿರಲಿ, ಅದು ಎಲೆ ಅಂಟಿಸಿಕೊಂಡ ಸೌದೆ. ಈ ಬೇರಾದರೋ ಮೊದಲಿಗೆ ಶಾವಿಗೆಗಿಂತ ಸಣ್ಣ, ಹಾಲಿನಂತೆ ಬಿಳುಪು, ಬೆರಳು ಸೋಕಿದರೆ ಮುರಿಯುವಂಥದು. ಮುರಿದರೆ ಕಡ್ಡಿ ಮತ್ತೊಮ್ಮೆ ಪ್ರಯತ್ನಿಸುತ್ತದೆ, ಉಳಿದ ಬುತ್ತಿಯಲ್ಲಿ. ಮೂರನೆಯ ಸಲಕ್ಕೆ ಬುತ್ತಿ ಉಳಿದಿರುವುದಿಲ್ಲ.

ಸಾಹೇಬರ ಪುಸ್ತಕದಲ್ಲಿ ಚಿಗುರಿನ ಮನೆಯ ಪಕ್ಕದಲ್ಲಿ ಬೇರಿಗೂ ಒಂದು ಮನೆಯಿತ್ತು. ಅದನ್ನು ತುಂಬಿಸಬೇಕಲ್ಲ. ಆದ್ದರಿಂದ ಅವರು ಪ್ರತಿ ಬುಧವಾರ ಬಸ್ಸಿಳಿದು ಬಂದು, ಸಾಲಿಗೆ ಒಂದರಂತೆ ಕಡ್ಡಿಯನ್ನು ಕಿತ್ತು, ತಳದ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿ, ಕನ್ನಡಕವನ್ನು ಹಣೆಗೇರಿಸಿ ನೋಡಿ, ಮತ್ತೆ ಅದೇ ತೂತಿಗೆ ತುರುಕಿ ಬೂಟಿನಿಂದ ಎರಡು ಸಲ ತಟ್ಟುತ್ತಿದ್ದರು. ಕಿತ್ತದ್ದನ್ನೇ ಮತ್ತೆ ಕೀಳುವುದು ನ್ಯಾಯವಲ್ಲವೆಂದು ಮುಂದಿನ ಬುಧವಾರ ಅದರ ಪಕ್ಕದ್ದನ್ನು ಕೀಳುತ್ತಿದ್ದರು. ಎರಡನೆಯ ಬುಧವಾರ ನಾನು ತಡೆಯಲಾರದೆ ಬಾಯಿಬಿಟ್ಟೆ.

‘ಅದ ಕೀಳ್ಬ್ಯಾಡಿ ಸಾ. ಈಗತಾನೆ ಬೇರ್ ಒಡೀತಾ ಅದ. ಕಿತ್ರ ಸತ್ತೋಯ್ತದ.’

‘ನೋಡದೆ ರಿಪೋರ್ಟಿನಲ್ಲಿ ಏನಂತ ಬರೀಲಯ್ಯ?’

‘ಬುಟ್ಟದ ಅಂತ ಬರೀರಿ ಸಾ.’

‘ನೀನು ಎಷ್ಟನೇ ಕ್ಲಾಸು ಓದಿದ್ದೀಯ?’

‘ನಾಕ್ನೇ ಕ್ಲಾಸು ಸಾ. ಬೇರಿನ ಪಾಟದ ಗಂಟ ಓದಿವ್ನಿ.’

ಅವರು ನಗಲಿಲ್ಲ. ಅದನ್ನೂ ಬರೆದುಕೊಂಡರೇನೋ. ಆ ಬೂಟಿನ ಎರಡು ತಟ್ಟುಗಳು ನನ್ನ ಬೆನ್ನಿನ ಮೇಲೆ ಬಿದ್ದ ಹಾಗಾಗುತ್ತಿದ್ದವು. ಊಟಕ್ಕೆ ಕೂತರೆ ಆ ಬೂಟು; ಎತ್ತಿಗೆ ಹುಲ್ಲು ಹಾಕಿದರೆ ಆ ಬೂಟು. ಹೀಗಿರುವಾಗ ಐದನೆಯ ವಾರಕ್ಕೆ ಆಷಾಢದ ಒಣಗಾಳಿ ಬೀಸತೊಡಗಿತು. ಗಾಳಿ ಎಂಬುದು ನಿಜವಾದ ಪರೀಕ್ಷಕ; ಅದು ಏನನ್ನೂ ಕೀಳುವುದಿಲ್ಲ, ಸುಮ್ಮನೆ ಕೇಳುತ್ತದೆ. ನನ್ನ ಇಪ್ಪತ್ತು ಸಾಲಿನಲ್ಲಿ ಉತ್ತರ ಹೇಳುವವರು ಇರಲಿಲ್ಲ. ಎಂಟು ದಿನದಲ್ಲಿ ಚಿಗುರು ಹಳದಿಯಾಗಿ, ಕಂದಾಗಿ, ಮುಟ್ಟಿದರೆ ಪುಡಿಯಾಗುವಂತಾಯಿತು. ನಾನು ಹೊತ್ತು ಹೊತ್ತಿಗೆ ನೀರು ಕಟ್ಟಿದೆ. ಕುಡಿಯುವ ಬಾಯಿಯೇ ಇಲ್ಲದವನ ಮುಂದೆ ಕೊಡ ಇಟ್ಟ ಹಾಗೆ.

ಶ್ರಾವಣದಲ್ಲಿ ಕೊಳ್ಳೇಗಾಲದಲ್ಲಿ ಬೆಳೆಗಾರರ ಸಭೆ. ಹನೂರಿನ ಕಡೆಯವರು, ಯಳಂದೂರಿನ ಕಡೆಯವರು, ಚಿಕ್ಕತಾಯಮ್ಮನ ತವರಿನವರೂ ಬಂದಿದ್ದರು. ಅಲ್ಲಿ ವರದಿ ಓದಿ, ಆಮೇಲೆ ಅದರ ಪ್ರತಿಯನ್ನು ಹಲಗೆಗೆ ಅಂಟಿಸಿದರು. ನಾನು ಎಂದಿನಂತೆ ತುಟಿ ಅಲ್ಲಾಡಿಸುತ್ತ ಓದಿದೆ. ‘ರೈತನ ನಿರ್ಲಕ್ಷ್ಯದಿಂದಾಗಿ ಪ್ರಯೋಗವು ವಿಫಲವಾಗಿರುತ್ತದೆ.’ ಸರ್ಕಾರ ನನ್ನ ವಿಷಯವಾಗಿ, ನಾನು ಓದಬಲ್ಲ ಅಕ್ಷರದಲ್ಲಿ ಬರೆದ ಮೊದಲ ವಾಕ್ಯ ಅದು. ಅದನ್ನು ಓದಲು ನನಗೆ ಎಳ್ಳಷ್ಟೂ ಕಷ್ಟವಾಗಲಿಲ್ಲ.

ಹಿಂಗಾರಿನ ಕಡ್ಡಿ ಬೇರೆ ಊರಿಗೆ ಹೋಯಿತು. ನಮ್ಮೂರಿನ ಗುಣಿಗಳಲ್ಲಿ ಮಳೆನೀರು ನಿಂತು ಕಪ್ಪೆ ಕೂಗಿದವು. ನಾನು ದಾರಿಯಲ್ಲಿ ಕಂಡರೆ ಪುಟ್ಟಮಾದಯ್ಯ ಮಾವ ಬೀಡಿಯನ್ನು ಬಾಯಿಂದ ತೆಗೆದು, ಎಲ್ಲರಿಗೂ ಕೇಳುವಂತೆ ವಿಚಾರಿಸುತ್ತಿದ್ದ.

‘ಲೇ ನಂಜುಂಡ, ಗುಣಿ ಸುಮ್ನ ಬಿದ್ದವ ಕಣ್ಲಾ. ನಿನ್ನೇ ತಕಂಡೋಗಿ ನೆಟ್ಬುಡ್ಲಾ?’

‘ನೆಡು ಮಾವ.’

‘ನೆಡ್ಬೋದು. ನೀನೂ ಬೇರ್ ಬುಡ್ದೆ ಓದ್ರ?’

ಒಂದು ತಿಂಗಳು ನಾನು ಆ ಸಾಹೇಬರನ್ನು ಬೈದೆ. ಬೈಗುಳದಲ್ಲಿ ನನ್ನ ಪಾಂಡಿತ್ಯ ಶಾಲೆಯ ಹಂಗಿನದಲ್ಲ. ಅವರ ಬೂಟು, ಕನ್ನಡಕ, ಪುಸ್ತಕ, ಅವರನ್ನು ಹೊತ್ತು ತಂದ ಬಸ್ಸು, ಯಾವುದನ್ನೂ ಬಿಡಲಿಲ್ಲ. ಒಂದು ಮಧ್ಯಾಹ್ನ ಹೀಗೆ ಬೈಯುತ್ತ ಬಾವಿಯಿಂದ ಬಂದವನಿಗೆ ಒಗೆಯುವ ಕಲ್ಲಿನ ಪಕ್ಕದ ಆ ಸೊಟ್ಟ ಕಡ್ಡಿಗಳು ಕಣ್ಣಿಗೆ ಬಿದ್ದವು. ಅವೂ ಆ ಕಚೇರಿಯವೇ. ನನ್ನ ನೆಲದಲ್ಲಿ ಅವರದೊಂದು ಕಡ್ಡಿಯೂ ಇರಕೂಡದೆಂದು, ಕಿತ್ತು ಬೀದಿಗೆಸೆಯಲು ಒಂದಕ್ಕೆ ಕೈಹಾಕಿದೆ.

ಅದು ಬರಲಿಲ್ಲ. ಕಾಲು ಊರಿ ಎರಡು ಕೈಯಿಂದ ಜಗ್ಗಿದೆ. ಎಲೆ ತರಿದು ಕೈಗೆ ಬಂತು, ಕಡ್ಡಿ ಬರಲಿಲ್ಲ. ಪಕ್ಕದ್ದಕ್ಕೆ ಹೋದೆ, ಅದೂ ಬರಲಿಲ್ಲ. ಆ ವರ್ಷ ನನ್ನ ಕೈಗೆ ಬಾರದೆ ನಿಂತ ಮೊದಲ ಕಡ್ಡಿಗಳು ಅವು. ಎಲೆ ನೋಡಿದರೆ, ಸಾಹೇಬರು ಹೇಳಿದ್ದು ಸುಳ್ಳಲ್ಲ, ನನ್ನ ಅಂಗೈಗಿಂತ ಅಗಲವಾಗಿತ್ತು. ಚಿಕ್ಕತಾಯಮ್ಮ ಒಗೆಯುತ್ತಿದ್ದ ಪಂಚೆಯನ್ನು ಕಲ್ಲಿನ ಮೇಲೆ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

‘ಅದು ಬರಲ್ಲ ಬುಡಿ. ಅದ ಯಾರೂ ನೋಡಿಲ್ಲ.’

‘ಆ ಮನ್ಸ ನೋಡಿದ್ಕೇ ಕಣಮ್ಮಿ ನನ್ ತ್ವಾಟ ಓಯ್ತು.’

‘ಅವ್ರು ಬುದ್ವಾರ ಒಂದಿನ ಬತ್ತಿದ್ರು. ಇನ್ನಾರ್ ದಿನ ಸಂಜ ಹೊತ್ತು ಕೀಳ್ತಿದ್ದೋರು ಯಾರು?’

ನಾನು ಹಿಡಿದಿದ್ದ ಕಡ್ಡಿಯನ್ನು ಬಿಟ್ಟೆ. ನಿಮಗೆ ಈವರೆಗೆ ಹೇಳಲಿಲ್ಲ. ಈ ಬರಹದ ಮೊದಲ ಸಾಲಿನಿಂದ ಇದನ್ನು ಹೇಗೆ ಹೇಳದೆ ದಾಟುವುದೆಂದು ನೋಡುತ್ತಲೇ ಬಂದಿದ್ದೇನೆ. ದಿನವೂ ಸಂಜೆ, ಎತ್ತು ಬಿಚ್ಚಿದ ಮೇಲೆ, ನಾನು ತೋಟಕ್ಕೆ ಹೋಗುತ್ತಿದ್ದೆ. ನನ್ನ ಲೆಕ್ಕಾಚಾರ ಹೀಗಿತ್ತು: ಯಾವ ಕಡ್ಡಿ ಬೇರು ಬಿಟ್ಟಿದೆಯೆಂದು ನನಗೆ ಮೊದಲೇ ತಿಳಿದಿದ್ದರೆ, ಬುಧವಾರ ಸಾಹೇಬರ ಕೈಯನ್ನು ಉಪಾಯವಾಗಿ ಅದರ ಕಡೆಗೇ ತಿರುಗಿಸಬಹುದು, ಅವರು ಕಿತ್ತದ್ದರಲ್ಲೆಲ್ಲ ಬೇರು ಕಂಡರೆ ತೋಟ ಪಾಸಾಗುತ್ತದೆ, ಪಾಸಾದರೆ ನನ್ನ ಊರಿಗೆ ಕಡ್ಡಿ, ನನಗೆ ಹೆಸರು. ಅದಕ್ಕಾಗಿ ದಿನಕ್ಕೆ ಸಾಲಿಗೆರಡರಂತೆ, ಮೂರರಂತೆ ಕಿತ್ತು ನೋಡುತ್ತಿದ್ದೆ. ಸಾಹೇಬರ ಹಾಗೆ ಒರಟಾಗಿ ಅಲ್ಲ. ಬಹಳ ನಯವಾಗಿ, ಪ್ರೀತಿಯಿಂದ, ಬೆರಳನ್ನು ಒದ್ದೆ ಮಾಡಿಕೊಂಡು. ನಾನು ರೈತ, ನನ್ನ ಕೈಗೆ ಗಿಡದ ಗುಣ ಗೊತ್ತು, ನನ್ನ ಕೈ ತಾಗಿದರೆ ಸಾಯುವುದಿಲ್ಲ ಎಂದುಕೊಂಡಿದ್ದೆ. ಬೇರಿಗೆ ಯಾರ ಬೆರಳಾದರೇನು? ಸಾಹೇಬರು ನಾಲ್ಕು ಬುಧವಾರದಲ್ಲಿ ಕಿತ್ತದ್ದು ಎಂಬತ್ತು ಕಡ್ಡಿ. ಉಳಿದ ಒಂಬೈನೂರ ಇಪ್ಪತ್ತು ನನ್ನವು. ಅವರು ಬೂಟಿನಿಂದ ತಟ್ಟಿದರು, ನಾನು ಅಂಗೈಯಿಂದ. ಅಷ್ಟೇ ವ್ಯತ್ಯಾಸ.

ಚಿಕ್ಕತಾಯಮ್ಮ ಪಂಚೆಯನ್ನು ಹಿಂಡುತ್ತ ಇನ್ನೂ ಒಂದು ಮಾತು ಸೇರಿಸಿದಳು.

‘ನಾ ಈ ಮನೆಗ ಬಂದಾಗ ನಿಮ್ಮವ್ವ ದಿನಾ ಬೆಳ್ಗೆದ್ದು ಕೇಳೋರು, ನಮ್ ಮನೆಗ ಒಂದ್ಕಂಡ್ಯಾ ಮಗಾ, ಒಂದ್ಕಂಡ್ಯಾ ಅಂತ. ಅವ್ರು ಕೇಳ್ದಾಗ್ಲೆಲ್ಲ ನಂಗ ನಮ್ಮೂರು ಗ್ಯಾನ ಬತ್ತಿತ್ತು. ಅವ್ರು ಕೇಳದ ಬುಟ್ ಮ್ಯಾಲ ಒಂದ್ಕಂಡಿ.’

ಆ ದಿನ ನಾನು ಹಲಗೆಯ ಮೇಲಿನ ವಾಕ್ಯವನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿದೆ. ರೈತನ ನಿರ್ಲಕ್ಷ್ಯ. ಇಡೀ ಊರಿನಲ್ಲಿ ಆ ಆಪಾದನೆಗೆ ನನ್ನಷ್ಟು ಅನರ್ಹನಾದ ಮನುಷ್ಯ ಇನ್ನೊಬ್ಬನಿರಲಿಲ್ಲ. ನಿರ್ಲಕ್ಷ್ಯ ಸಿಕ್ಕಿದ್ದು ಆ ಹನ್ನೆರಡು ಕಡ್ಡಿಗಳಿಗೆ. ಒಗೆದ ನೀರು ಹರಿದಷ್ಟು ಹರಿಯಿತು, ಹರಿಯದ ದಿನ ಇಲ್ಲ. ಯಾರೂ ಎಣಿಸಲಿಲ್ಲ, ಯಾರೂ ಕಾಯಲಿಲ್ಲ. ನನ್ನಲ್ಲಿ ಆ ನಿರ್ಲಕ್ಷ್ಯ ಒಂದು ಬೊಗಸೆಯಷ್ಟು ಇದ್ದಿದ್ದರೆ ಊರಿಗೆಲ್ಲ ಕಡ್ಡಿ ಸಿಗುತ್ತಿತ್ತು. ಇಷ್ಟು ತಿಳಿದ ಮೇಲೆ ನನ್ನ ಕೋಪ ತಣ್ಣಗಾಯಿತೆಂದು ನೀವು ನಿರೀಕ್ಷಿಸಬಹುದು. ಆಗಲಿಲ್ಲ. ಸಾಹೇಬರ ಎಂಬತ್ತನ್ನು ನಾನು ಮನ್ನಿಸಿಲ್ಲ, ಮನ್ನಿಸುವುದೂ ಇಲ್ಲ. ಒಂಬೈನೂರ ಇಪ್ಪತ್ತು ಕಿತ್ತವನಿಗೆ ಎಂಬತ್ತು ಕಿತ್ತವನ ಮೇಲೆ ಸಿಟ್ಟಾಗುವ ಹಕ್ಕು ಇಲ್ಲವೆಂದು ಯಾರಾದರೂ ಅಂದರೆ, ಅವರ ಮೇಲೂ ನನಗೆ ಸಿಟ್ಟು ಬರುತ್ತದೆ. ಕೋಪಕ್ಕೆ ಒಂದೇ ಬೇರಿರಬೇಕೆಂದು ಯಾವ ಪುಸ್ತಕದಲ್ಲಿದೆ?

ಒಗೆಯುವ ಕಲ್ಲಿನ ಸಾಲನ್ನು ಎರಡು ವರ್ಷ ಹಾಗೇ ಬಿಟ್ಟೆವು. ಮೂರನೆಯ ವರ್ಷದ ಮುಂಗಾರಿಗೆ ಅದರಿಂದ ಕಡ್ಡಿ ಕತ್ತರಿಸಿ, ತಲೆಯ ಮೇಲೆ ಹೊರೆ ಹೊತ್ತು ಮೊದಲು ಹೋದದ್ದು ಪುಟ್ಟಮಾದಯ್ಯ ಮಾವನ ಹೊಲಕ್ಕೆ. ಹೂಳು ತುಂಬಿದ್ದ ಗುಣಿಗಳನ್ನು ನಾನೇ ಬಿಡಿಸಿ, ನಾನೇ ನೆಟ್ಟು, ಕೊನೆಗೆ ನನ್ನ ಷರತ್ತು ಹೇಳಿದೆ: ಆಷಾಢದ ಗಾಳಿ ಮುಗಿಯುವ ತನಕ ಒಂದನ್ನೂ ಮುಟ್ಟಕೂಡದು.

‘ಇದೇನ್ಲಾ, ನನ್ನ ಗುಣಿ ನಾನ್ ನೋಡ್ಬಾರ್ದಾ?’

‘ನೋಡು ಮಾವ. ಕೈ ಇಕ್ಬ್ಯಾಡ.’

‘ಕೈ ಇಕ್ದೆ ಬೇರ್ ಬುಟ್ಟದೋ ಇಲ್ವೋ ಎಂಗ್ಲಾ ಗೊತ್ತಾಗದು?’

‘ಗೊತ್ತಾಗ್ದೆ ಇರ್ಲಿ ಮಾವ. ನಿಂಗೂ ಗೊತ್ತಾಗದು ಬ್ಯಾಡ, ನಂಗೂ ಗೊತ್ತಾಗದು ಬ್ಯಾಡ.’

ಮಾವ ಅಷ್ಟೂ ದಿನ ಹೊಲದ ಕಡೆ ಹೋಗದೆ, ಕೊಳ್ಳೇಗಾಲದ ನೆಂಟರ ಮನೆಯಲ್ಲಿ ಕೂತು ನನ್ನನ್ನು ಬೈಯುತ್ತ ಕಾಲ ಕಳೆದ. ಹಿಂತಿರುಗಿ ಬಂದು ಒಂದನ್ನು ಜಗ್ಗಿ ನೋಡಿ, ಬಾರದಿದ್ದಾಗ, ಬೀಡಿ ಹಚ್ಚಿದ. ಇಂದು ನಮ್ಮೂರಿನಲ್ಲಿರುವ ಅಗಲದ ಎಲೆಯ ತೋಟಗಳೆಲ್ಲ ಆ ಹನ್ನೆರಡರ ಸಂತಾನ. ಇದು ಯಾವ ವರದಿಯಲ್ಲೂ ಬರಲಿಲ್ಲ. ಹಲಗೆಯ ಮೇಲಿನ ಆ ಹಾಳೆ ಮಳೆಗೆ ನೆನೆದು ಹೋಯಿತು. ಅದರ ಬದಲಿಗೆ ಬೇರೊಂದನ್ನು ಯಾರೂ ಅಂಟಿಸಲಿಲ್ಲ. ನಾನು ಆಮೇಲೂ ಬಹಳ ವರ್ಷ ಸಂತೆಯ ದಿನ ಆ ಹಲಗೆಯ ಮುಂದೆ ನಿಂತು ಹುಡುಕಿದ್ದೇನೆ.

ಆದ್ದರಿಂದ, ಮೇಷ್ಟ್ರೇ, ಭಾನುವಾರ ನಾನು ಆಡಿದ ಮಾತಿನಲ್ಲಿ ನಿಮ್ಮ ಪಾಲು ಬಹಳ ಕಡಿಮೆ. ಅದು ಬೂಟಿಗೆ ಸಲ್ಲಬೇಕಾದದ್ದು, ತಮಿಳು ಕಾಗದಕ್ಕೆ ಸಲ್ಲಬೇಕಾದದ್ದು, ಹೆಚ್ಚಿನದು ನನ್ನ ಹೆಬ್ಬೆರಳಿಗೆ ಸಲ್ಲಬೇಕಾದದ್ದು. ನೀವು ಪಕ್ಕದಲ್ಲಿ ಕೂತಿದ್ದಿರಿ, ನಿಮಗೆ ಬಿತ್ತು. ಮದುವೆಗೆ ಬರುತ್ತೇನೆ. ಕೋಪವನ್ನು ಮನೆಯಲ್ಲಿ ಬಿಟ್ಟು ಬರುತ್ತೇನೆಂದು ಮಾತ್ರ ಮಾತು ಕೊಡಲಾರೆ.

ನೀವು ಎದ್ದು ಹೋದ ಮೇಲೆ ನಡೆದದ್ದನ್ನೂ ಹೇಳಿಬಿಡುತ್ತೇನೆ. ನೀವು ಜಗ್ಗಿದ ನಂದಿಬಟ್ಟಲು ಕಡ್ಡಿ ಸ್ವಲ್ಪ ವಾಲಿತ್ತು. ನೆಟ್ಟಗೆ ಮಾಡೋಣವೆಂದು ಹರವಿಯ ಹತ್ತಿರ ಬಗ್ಗಿದೆ. ನೆಟ್ಟಗೆ ಮಾಡಲು ಅಂಗೈ ಸಾಕು. ನನ್ನ ಹೆಬ್ಬೆರಳು ತೋರುಬೆರಳು ಮಾತ್ರ ಆಗಲೇ ಕಡ್ಡಿಯನ್ನು ಹಿಡಿದಾಗಿತ್ತು. ಇಷ್ಟೇ ಇಷ್ಟು ಎತ್ತಿದರೆ ತಿಳಿದುಬಿಡುತ್ತಿತ್ತು. ಒಳಗಿನಿಂದ ಚಿಕ್ಕತಾಯಮ್ಮ ಒಮ್ಮೆ ಕೆಮ್ಮಿದಳು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನಾಲ್ಕನೇ ತರಗತಿಯಲ್ಲಿ ಆಗಿನ ನನ್ನ ಮೇಷ್ಟ್ರ ಮುಂದೆ ನಿಲ್ಲುತ್ತಿದ್ದ ಹಾಗೆ, ಆ ವಾಲಿದ ಕಡ್ಡಿಯ ಮುಂದೆ ನಿಂತೆ. ಅದು ಬೇರು ಬಿಟ್ಟಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ.